ಹೈದ್ರಾಬಾದಿ ಗಿಡಕ್ಕ ಒಂದು ಕೌದಿ

ನಮ್ಮ ಮನಿ ಹಿಂದ ಒಂದು ಹೈಡ್ರೇಂಜಿಯಾ ಗಿಡ ಅದ. ನಮ್ಮ ಅತ್ತಿಯವರ ಬಾಯಾಗ ಅದು 'ಹೈದ್ರಾಬಾದಿ ಗಿಡ'. ಮೊದಲನೇ ದಿನ ಮೊಮ್ಮಗಳು ನಾಕು ಸಲ ಹೇಳಿಕೊಟ್ಲು, "ಅಜ್ಜಿ, ಹೈ-ಡ್ರೇಂ-ಜಿ-ಯಾ." ಅತ್ತಿಯವರು ನಾಕೂ ಸಲ ಲಕ್ಷ್ಯಗೊಟ್ಟು ಕೇಳಿ, "ನಾನೂ ಅದನ್ನ ಹೇಳ್ಲಿಕತ್ತೇನಲ್ಲ, ಹೈದ್ರಾಬಾದಿ" ಅಂದ್ರು. ಅವತ್ತಿನಿಂದ ನಮ್ಮನಿಯವರೂ, ನಾನೂ, ಕಡೀಕ ಮಗಳೂ ಅದನ್ನ ಹಂಗ ಕರೀತೀವಿ.

ಈ ಗಿಡದ ಸಲುವಾಗಿ ನಮ್ಮ ಮನ್ಯಾಗ ಒಂದು ಮಾತು ವರ್ಷದ ಮ್ಯಾಲೆ ಹಂಗ ಉಳಕೊಂಡಿತ್ತು. ಇವತ್ತ ಅದನ್ನ ಬರದು ಮುಗಸಬೇಕಂತ ಕೂತೇನಿ. ನಡುವ ನಡುವ ಛಳಿಗಾಲದಾಗ ಈ ಗಿಡಾ ಹೆಂಗ ಕಾಯಬೇಕು ಅನ್ನೋದೂ ಬರ್ತದ. ಥಂಡಿ ದೇಶದಾಗ ಇರೋರಿಗೆ ಅದು ಉಪಯೋಗ ಆದೀತು. ಉಳದವರು ಅತ್ತಿ-ಸೊಸಿ ಕತಿ ಅಂತ ಓದ್ರಿ.

ನಾವಿರೋದು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಾಗ, ಬೋಸ್ಟನ್‌ದಿಂದ ಪಶ್ಚಿಮಕ್ಕ ಮುಕ್ಕಾಲು ತಾಸಿನ ಹಾದಿ. 2021ರ ಜುಲೈದಾಗ ಈ ಮನಿ ಕೀಲಿ ನಮ್ಮ ಕೈಗೆ ಬಂತು. ಒಳಗ ಕಾಲಿಡೋಕಿಂತ ಮೊದಲು ನಾ ನೋಡಿದ್ದು ಪೂರ್ವದ ಗ್ವಾಡಿಗೆ ಹತ್ತಿ ನಿಂತ ಈ ಗಿಡಾನ. ಎದಿ ಮಟ್ಟ ಎತ್ತರ. ಒಂದೊಂದು ಹೂವಿನ ಗೊಂಚಲ ಒಂದೊಂದು ತಂಬಗಿಯಷ್ಟು ದಪ್ಪ. ಬಣ್ಣ ಅಂದ್ರ ಮಳಿ ಆಗಿ ಬಿಟ್ಟ ಮ್ಯಾಲೆ ಆಕಾಶ ಇರ್ತದಲ್ಲ, ಆ ನೀಲಿ. ಈ ಗಿಡದ ಮೂಲ ಜಪಾನ್. ಆದ್ರ ಇಲ್ಲಿ ಸಮುದ್ರ ದಂಡಿ ಕೇಪ್ ಕಾಡ್‌ಗೆ ಹೋದ್ರ ಪ್ರತಿ ಮನಿ ಮುಂದೂ ಇದ ನೀಲಿ ಕಾಣ್ತದ. ಅಲ್ಲಿ ಮಣ್ಣು ಹುಳಿ ಮಣ್ಣು. ಹುಳಿ ಮಣ್ಣಿನಾಗ ಗಿಡಕ್ಕ ಅಲ್ಯೂಮಿನಿಯಂ ಸಿಗ್ತದ, ಹೂ ನೀಲಿ ಆಗ್ತಾವ. ಸುಣ್ಣದ ಅಂಶ ಹೆಚ್ಚಿದ್ರ ಅದ ಗಿಡ ಗುಲಾಬಿ ಬಣ್ಣದ ಹೂ ಬಿಡ್ತದ. ಮತ್ತ ಸಮುದ್ರ ಬಾಜೂಕ ಇರೋದರಿಂದ ಅಲ್ಲಿ ಥಂಡಿ ನಮ್ಮಷ್ಟು ಕಚ್ಚಂಗಿಲ್ಲ. ಅದು ಭಾಳ ಮುಖ್ಯ, ಯಾಕಂತ ಮುಂದ ಗೊತ್ತಾಗ್ತದ.

2022ರ ಮೇ ತಿಂಗಳದಾಗ ಅತ್ತಿಯವರು, ಮಾವನವರು ಇಬ್ಬರೂ ಧಾರವಾಡದಿಂದ ಬಂದ್ರು. ಆರು ತಿಂಗಳು ಇದ್ರು. ಜುಲೈದಾಗ ಹೈದ್ರಾಬಾದಿ ಗಿಡ ಮೈತುಂಬ ಅರಳಿತು. ಅತ್ತಿಯವರು ಮೊದಲ ದಿನ ಪೂಜಾಕ್ಕ ಒಂದು ಗೊಂಚಲ ತಂದು ಏರಿಸಿದ್ರು, ದೇವರ ಕಾಣಲಿಲ್ಲ. "ಒಂದು ಹೂವಿಗೆ ಇಡೀ ಮಂಟಪ ಮುಚ್ಚಿಹೋತಲ್ಲಾ" ಅಂತ ಮಾವನವರು ನಕ್ಕರು. ಮರುದಿನದಿಂದ ಗೊಂಚಲದಾಗಿನ ಸಣ್ಣ ಸಣ್ಣ ಹೂ ಬಿಡಿಸಿ ಒಂದೊಂದು ದೇವರಿಗೆ ಒಂದೊಂದು ಇಡ್ಲಿಕ್ಕೆ ಶುರು ಮಾಡಿದ್ರು. ಒಂದು ಗೊಂಚಲ ನಾಕು ದಿನ ಬರ್ತಿತ್ತು.

ಅತ್ತಿಯವರ ತವರುಮನಿ ವಿಜಯಪುರದ ಕಡೆ, ತಿಕೋಟಾದ ಹತ್ರ. ದ್ರಾಕ್ಷಿ ತ್ವಾಟದ ಮನಿ. ಅಲ್ಲಿ ವರ್ಷಕ್ಕ ಎರಡು ಸಲ ಚಾಟ್ನಿ. ಏಪ್ರಿಲ್‌ದಾಗ ಒಮ್ಮೆ ಕತ್ತರಿಸಿ ಹೊಸ ಕಡ್ಡಿ ಬರಿಸ್ತಾರ, ಅಕ್ಟೋಬರ್‌ದಾಗ ಇನ್ನೊಮ್ಮೆ ಕತ್ತರಿಸಿದ್ರ ಆ ಕಡ್ಡಿಯಿಂದ ಗೊಂಚಲ ಹೊರಗ ಬರ್ತಾವ. "ಕತ್ತರಿ ಆಡದ ಬಳ್ಳಿಗೆ ಹಣ್ಣಿಲ್ಲ" ಅನ್ನೋದು ಅವರು ಹುಟ್ಟಿನಿಂದ ಕೇಳಿದ ಮಾತು. ಲಗ್ನ ಆಗಿ ಧಾರವಾಡಕ್ಕ ಬಂದ ಮ್ಯಾಲೂ ಮಳಿಗಾಲ ಮುಗದು ದಸರಾ ಹಿಂದ-ಮುಂದ ತಮ್ಮ ಹಿತ್ತಲದ ಗುಲಾಬಿಗೆ ಚಾಟ್ನಿ ಮಾಡೋರು. ಅವರ ಗುಲಾಬಿ ನೋಡ್ಲಿಕ್ಕೆ ಓಣಿ ಮಂದಿ ಬರ್ತಿದ್ರು. ಅವರ ಕೈಗುಣದ ಬಗ್ಗೆ ಯಾರಿಗೂ ಸಂಶಯ ಇದ್ದಿಲ್ಲ.

ಆ ವರ್ಷ ಅಕ್ಟೋಬರ್‌ದಾಗ ಒಂದಿನ ನಾ ಕೆಲಸ ಮುಗಿಸಿ ಬರೋದ್ರಾಗ ಹೈದ್ರಾಬಾದಿ ಗಿಡ ಒಂದು ಮೊಳ ಉಳದಿತ್ತು. ಕತ್ತರಿಸಿದ ಕಡ್ಡಿ ಎಲ್ಲಾ ಸೂಡು ಕಟ್ಟಿ, ಕಸ ಗುಡಿಸಿ, ಬುಡಕ್ಕ ಮಣ್ಣು ಏರಿಸಿ ಅತ್ತಿಯವರು ಕೈ ತೊಳಕೊಳ್ಳಿಕತ್ತಿದ್ರು. "ಬರೋ ವರ್ಷ ನೋಡು, ಇದರ ಎರಡು ಪಟ್ಟು ಬಿಡ್ತದ" ಅಂದ್ರು. ನಾನೂ "ಛಲೋ ಆತ್ರಿ, ನನಗ ಟೈಮೇ ಸಿಕ್ಕಿದ್ದಿಲ್ಲ" ಅಂದೆ. ಹೌದು, ಹಂಗ ಅಂದದ್ದು ನಾನ. ಇದನ್ನ ನೆನಪಿಟ್ಟುಕೊಳ್ರಿ. ನವೆಂಬರ್ ಮೊದಲನೇ ವಾರ ಅವರಿಬ್ಬರೂ ಊರಿಗೆ ಹೋದ್ರು.

ಮುಂದಿನ ಛಳಿಗಾಲ ಮೊದಮೊದಲು ಭಾಳ ಸೌಮ್ಯ ಇತ್ತು. ಫೆಬ್ರುವರಿಗೆ ಬಂದು ಒಮ್ಮೆಲೇ ತಿರುಗಿ ಬಿತ್ತು. 2023ರ ಫೆಬ್ರುವರಿ 4ರ ಮುಂಜಾನೆ ಬೋಸ್ಟನ್‌ದಾಗ ಮೈನಸ್ 10 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಾಗ ಮೈನಸ್ 23 ಸೆಲ್ಸಿಯಸ್. ನಾವು ನಳದ ನೀರು ಹೆಪ್ಪುಗಟ್ಟಬಾರದಂತ ರಾತ್ರಿಯೆಲ್ಲಾ ಹನಿ ಹನಿ ಬಿಟ್ಟು ಮಲಗಿದ್ವಿ. ಹೊರಗಿನ ಗಿಡದ ನೆನಪು ಯಾರಿಗೂ ಬರಲಿಲ್ಲ.

ಆ ವರ್ಷ ಜೂನ್ ಬಂತು, ಜುಲೈ ಬಂತು. ಗಿಡದ ತುಂಬ ಎಲಿ. ಹಸರು ಅಂದ್ರ ಹಸರು. ಒಂದ ಒಂದು ಹೂ ಇಲ್ಲ. ನಾ ಪುಸ್ತಕ ಓದಿದೆ, ಅಲ್ಲೆ ಇಲ್ಲೆ ಹುಡುಕಿ ನೋಡಿದೆ. ಆವಾಗ ಗೊತ್ತಾತು: ನಮ್ಮ ಜಾತಿ ಹೈಡ್ರೇಂಜಿಯಾ, ಅಗಲ ಎಲಿದು, ಹಳೇ ಕಡ್ಡಿಗೆ ಹೂ ಬಿಡ್ತದ. ಅಂದ್ರ ಬರೋ ಜುಲೈದಾಗ ಅರಳಬೇಕಾದ ಹೂವಿನ ಮೊಗ್ಗಿ ಈ ವರ್ಷ ಆಗಸ್ಟ್ ಕಡೀಕ, ಸಪ್ಟೆಂಬರ್‌ದಾಗ, ಕಡ್ಡಿ ತುದಿಗೆ ಹುಟ್ಟಿ ಕೂತಿರ್ತದ. ಇಡೀ ಛಳಿಗಾಲ ಅದು ಅಲ್ಲೇ ಮುಚ್ಚಿಕೊಂಡು ಕೂಡಬೇಕು. ಅಕ್ಟೋಬರ್‌ದಾಗ ಕಡ್ಡಿ ಕತ್ತರಿಸಿದ್ರ ಹೂವನ್ನ ಕತ್ತರಿಸಿದಂಗ. ಬೇರಿಗೆ ಏನೂ ಆಗಂಗಿಲ್ಲ, ಹೊಸ ಕಡ್ಡಿ ಬರ್ತದ, ಎಲಿ ಬರ್ತದ, ಹೂ ಮಾತ್ರ ಬರಂಗಿಲ್ಲ.

ಇಷ್ಟು ಓದಿ ಫೋನ್ ಕೈಗೆ ತೊಗೊಂಡೆ. ಅಲ್ಲೆ ಮುಂಜಾನೆ ಏಳು ಗಂಟೆ. ಅತ್ತಿಯವರು ಎಂದಿನಂಗ ಮೊದಲು ಕೇಳಿದ್ದು, "ಹೈದ್ರಾಬಾದಿ ಹೆಂಗದವಾ? ಎಷ್ಟು ಬಿಟ್ಟದ?"

"ಒಂದೂ ಬಿಟ್ಟಿಲ್ರಿ ಅತ್ಯಾರ. ನೀವು ಕತ್ತರಿಸಿದ್ದಕ್ಕ ಎಲ್ಲಾ ಮೊಗ್ಗಿ ಹೋಗ್ಯಾವ. ಒಂದು ಮಾತು ಕೇಳದ ಯಾಕ ಕೈ ಹಾಕಿದ್ರಿ?"

ಆಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮ್ಯಾಲೆ "ಹೌದೇನವಾ. ನನಗ ತಿಳೀಲಿಲ್ಲ ನೋಡು" ಅಂದ್ರು. ಹಿಂದಿನಿಂದ ಮಾವನವರ ಧ್ವನಿ ಬಂತು, "ಚಹಾ ಆರ್ಲಿಕತ್ತದ, ಕುಡದು ಮಾತಾಡು." ಫೋನ್ ಇಟ್ಟೆ. ನಮ್ಮನಿಯವರು ಅಲ್ಲೇ ಕೂತಿದ್ರು. ಏನೂ ಅನ್ನಲಿಲ್ಲ, ಎದ್ದು ಪಾತ್ರಿ ತೊಳೀಲಿಕ್ಕೆ ಹೋದ್ರು. ಅವರು ಕೇಳದ ಪಾತ್ರಿಗೆ ಕೈ ಹಾಕಿದ್ರು ಅಂದ್ರ ಮನಸಿಗೆ ಹತ್ತಿದೆ ಅಂತ ಅರ್ಥ.

ಅವತ್ತಿನ ಮ್ಯಾಲೆ ಅತ್ತಿಯವರು ಫೋನಿನಾಗ ಎಲ್ಲಾ ಕೇಳ್ತಿದ್ರು. ಮಗಳ ಕೆಮ್ಮು, ನನ್ನ ಸೊಂಟ, ಅಲ್ಲಿ ಮೆಣಸಿನಕಾಯಿ ಸಿಗ್ತದೋ ಇಲ್ಲೋ. ಗಿಡದ ಸುದ್ದಿ ಮಾತ್ರ ಕೇಳಲಿಲ್ಲ.

2024ರ ಜನವರಿದಾಗ ಮಾವನವರು ಹೋದ್ರು. ನಾವು ಮೂವರೂ ಧಾರವಾಡಕ್ಕ ಹೋಗಿ ಎರಡು ವಾರ ಇದ್ವಿ. ಒಂದಿನ ಸಂಜಿಮುಂದ ಅರಿವಿ ಒಣಹಾಕ್ಲಿಕ್ಕೆ ಹಿತ್ತಲಕ್ಕ ಹೋದಾಗ ನೋಡಿದೆ, ಗುಲಾಬಿ ಗಿಡ ಎಲ್ಲಾ ಉದ್ದಕ್ಕ ಬೆಳದು ಗ್ವಾಡಿ ಮ್ಯಾಲೆ ವಾಲಿದ್ವು. ತುದಿಗೆ ಎಲ್ಲೋ ಒಂದೊಂದು ಸಣ್ಣ ಹೂ.

"ಈ ವರ್ಷ ಚಾಟ್ನಿ ಮಾಡಿಲ್ಲೇನ್ರಿ ಅತ್ಯಾರ?"

"ಇಲ್ಲವಾ. ಕೈ ಬರಲಿಲ್ಲ."

ಮಾವನವರಿಗೆ ಆರಾಮ ಇದ್ದಿಲ್ಲ, ದವಾಖಾನಿ ಓಡಾಟ, ಅದಕ್ಕ ಬಿಟ್ಟಾರ ಅಂತ ನಾ ತಿಳಕೊಂಡೆ. ಹಂಗ ತಿಳಕೊಳ್ಳೋದು ನನಗ ಸೋವಿ ಆಗಿತ್ತು. ಆದ್ರ ವಿಮಾನದಾಗ ಕೂತ ಮ್ಯಾಲೆ ಆ ಎರಡು ಶಬ್ದ ಬ್ಯಾರೆ ಥರ ಕೇಳ್ಲಿಕತ್ವು.

ವಾಪಸ್ ಬಂದು ಮಾರ್ಚ್ ತಿಂಗಳದಾಗ ಇನ್ನೊಂದು ಮಾಡಿದೆ. ನಮ್ಮ ಬಾಜೂ ಮನ್ಯಾಗ ಎಂಬತ್ತರ ಹತ್ರದ ಒಬ್ಬ ಅಜ್ಜಿ ಇದ್ದಾರ. ಅವರ ಬೇಲಿ ಉದ್ದಕ್ಕೂ ಬಿಳೀ ಹೈಡ್ರೇಂಜಿಯಾ. ಬರ್ಫ ಕರಗಿದ ಕೂಡಲೇ ಅವರು ಕತ್ತರಿ ತೊಗೊಂಡು ಅವನ್ನೆಲ್ಲಾ ಮೊಣಕಾಲ ಮಟ್ಟ ಇಳಿಸಿದ್ರು. ಪ್ರತಿ ವರ್ಷ ಅವರ ಗಿಡ ಬುಟ್ಟಿ ಬುಟ್ಟಿ ಹೂ ಬಿಡ್ತಾವ. ಓಹೋ, ಅಕ್ಟೋಬರ್ ತಪ್ಪು, ಮಾರ್ಚ್ ಬರೋಬ್ಬರಿ ಅಂತ ನಾನೂ ನನ್ನ ಗಿಡಾನ ಹಂಗ ಕತ್ತರಿಸಿದೆ. ಕಡ್ಡಿ ಎಲ್ಲಾ ಹೆಂಗೂ ಒಣಗಿದಂಗ ಕಾಣ್ತಿದ್ವು.

ಆ ಜುಲೈದಾಗೂ ಹೂ ಇಲ್ಲ. ಕಡೀಕ ಅಜ್ಜಿನ್ನ ಕರದು ತೋರಿಸಿದೆ. ಅವರು ಒಂದು ಎಲಿ ಹಿಡದು ನೋಡಿ, "ಯಾವಾಗ ಕತ್ತರಿಸಿದಿ?" ಅಂದ್ರು. ಮಾರ್ಚ್‌ದಾಗ, ನಿಮ್ಮನ್ನ ನೋಡಿ, ಅಂದೆ. ಅವರು ಜೋರಾಗಿ ನಕ್ಕು ಎಲ್ಲಾ ಬಿಡಿಸಿ ಹೇಳಿದ್ರು. ಅವರದು ಬ್ಯಾರೆ ಜಾತಿ. ಒಂದು ಪ್ಯಾನಿಕ್ಯುಲೇಟಾ, ಒಂದು ಆ್ಯನಾಬೆಲ್. ಅವು ಎರಡೂ ಆ ವರ್ಷದ ಹೊಸ ಚಿಗುರಿಗೆ ಹೂ ಬಿಡ್ತಾವ. ಅದಕ್ಕ ಛಳಿಗಾಲದ ಕಡೀಕ ಕತ್ತರಿಸಿದ್ರೂ ನಡೀತದ, ಥಂಡಿಗೂ ಅವು ಹೆದರಂಗಿಲ್ಲ. ನನ್ನದು ಹಳೇ ಕಡ್ಡಿದು. ಅಕ್ಟೋಬರ್‌ದಾಗ ಕತ್ತರಿಸಿದ್ರೂ ಅಷ್ಟೇ, ಮಾರ್ಚ್‌ದಾಗ ಕತ್ತರಿಸಿದ್ರೂ ಅಷ್ಟೇ, ಅದ ಮೊಗ್ಗಿನ ಹೋಗ್ತದ. 2004ರಿಂದ ಎಂಡ್‌ಲೆಸ್ ಸಮ್ಮರ್ ಅಂತ ಒಂದು ತಳಿ ಸಿಗ್ತದ, ಅದು ಹಳೇದಕ್ಕೂ ಹೊಸದಕ್ಕೂ ಎರಡಕ್ಕೂ ಬಿಡ್ತದಂತ. ನನ್ನ ಗಿಡ ಅದಕ್ಕಿಂತ ಹಳೇ ಕಾಲದ್ದು.

ಹೋಗೋಮುಂದ ಅಜ್ಜಿ ಇನ್ನೊಂದು ಮಾತು ಹೇಳಿದ್ರು. "ಹೋದ ವರ್ಷ ಮಾತ್ರ ನಿನ್ನ ತಪ್ಪಲ್ಲ. ನನ್ನ ಗ್ಯಾರೇಜ್ ಬಾಜೂಕ ನಿನ್ನ ಜಾತಿದ ಒಂದು ಗಿಡ ಅದ. ಅದಕ್ಕ ನಾ ಕತ್ತರಿ ಮುಟ್ಟಿಸಿಲ್ಲ. ಅದೂ ಒಂದು ಹೂ ಬಿಡಲಿಲ್ಲ. ಆ ಫೆಬ್ರುವರಿ ಥಂಡಿ ಎಲ್ಲಾರ ಮೊಗ್ಗಿನೂ ಸುಟ್ಟುಬಿಡ್ತು. ಕೇಪ್ ಕಾಡ್‌ದಾಗೂ ಬರೇ ಎಲಿ."

ಖರೇನ ಅದು. ಆ ಥಂಡಿಗೆ ಮ್ಯಾಸಚೂಸೆಟ್ಸ್ ರಾಜ್ಯದ ಪೀಚ್ ಬೆಳಿ ಬಹುತೇಕ ಹೋಗಿತ್ತು. ಅದು ಸಾಲಲಿಲ್ಲ ಅಂತ ಮೇ 18ಕ್ಕ ಮತ್ತ ಥಂಡಿ ಬಿದ್ದು ನ್ಯೂ ಇಂಗ್ಲೆಂಡಿನ ಸೇಬಿನ ತ್ವಾಟಗಳಿಗೂ ಪೆಟ್ಟು ಬಿದ್ದಿತ್ತು. ಸುದ್ದಿಯೊಳಗ ಬಂದಿತ್ತು, ನಾನೂ ಓದಿದ್ದೆ. ಪೀಚಿಗೆ ಬಡದ ಥಂಡಿ ನಮ್ಮ ಹಿತ್ತಲಕ್ಕೂ ಬಂದಿತ್ತು ಅಂತ ಮಾತ್ರ ಹೊಳೀಲಿಲ್ಲ.

ಅವತ್ತ ರಾತ್ರಿ ಕೂತು ಲೆಕ್ಕಾ ಹಾಕಿದೆ. ಅತ್ತಿಯವರು ಕತ್ತರಿಸದ ಇದ್ದಿದ್ರೂ 2023ರಾಗ ಹೂ ಬರ್ತಿದ್ದಿಲ್ಲ. 2024ರಾಗ ಬರದಿದ್ದಕ್ಕ ನಾನ ಕಾರಣ. ಎರಡು ವರ್ಷದಾಗ ಒಂದು ವರ್ಷ ಥಂಡಿದು, ಒಂದು ವರ್ಷ ನಂದು. ಬೈಸಿಕೊಂಡವರು ಮಾತ್ರ ಅವರು. ಫೋನ್ ಮಾಡಿ ಹೇಳಬೇಕು ಅನಸ್ತು. ಮಾಡಲಿಲ್ಲ. ಹೆಣ್ಣಮಗಳು ಗಂಡನ್ನ ಕಳಕೊಂಡು ಆರು ತಿಂಗಳಾಗಿಲ್ಲ, ಈಗ ಗಿಡದ ಮಾತು ಯಾಕ ತೆಗೀಬೇಕು ಅಂತ ಒಂದು ನೆವ ಮಾಡಿಕೊಂಡೆ.

ಅದ ವರ್ಷ ಅಕ್ಟೋಬರ್ ಮೊದಲಿಗೆ ಅತ್ತಿಯವರು ಒಬ್ಬರ ಬಂದ್ರು. ಎರಡನೇ ದಿನ ಹಿತ್ತಲಕ್ಕ ಬಂದು ಗಿಡದ ಮುಂದ ನಿಂತ್ರು. ಎರಡೂ ಕೈ ಹಿಂದ, ಶಾಲಿನ ಒಳಗ. ಮೊದಲು ಅವರು ಗಿಡದ ಮುಂದ ನಿಂತ್ರ ಕೈ ಸುಮ್ಮ ಇರ್ತಿದ್ದಿಲ್ಲ. ಒಂದು ಒಣಗಿದ ಎಲಿ ಚಿವುಟೋದು, ಮಣ್ಣು ಒತ್ತಿ ನೋಡೋದು, ಏನರೆ ಒಂದು. ಮಗಳು "ಅಜ್ಜಿ, ಈ ಎಲಿ ಹಳದಿ ಆಗ್ಯದ, ತಗೀಲಾ?" ಅಂತ ಕೇಳಿದ್ಲು. "ನಾ ಹೇಳಂಗಿಲ್ಲ ಪುಟ್ಟಿ. ನಿಮ್ಮಮ್ಮನ್ನ ಕೇಳು" ಅಂದ್ರು. ಸಿಟ್ಟಿನಿಂದ ಅಲ್ಲ, ಭಾಳ ಸಮಾಧಾನದಿಂದ ಅಂದ್ರು. ಅದಕ್ಕ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ.

ರಾತ್ರಿ ಇಬ್ಬರೂ ಮೆಂತೆ ಪಲ್ಲ್ಯಾ ಸೋಸ್ಕೋತ ಕೂತಾಗ ಎಲ್ಲಾ ಹೇಳಿದೆ. ಫೆಬ್ರುವರಿ ಥಂಡಿ, ಬಾಜೂ ಮನಿ ಅಜ್ಜಿಯ ಗಿಡ, ನಾ ಮಾರ್ಚ್‌ದಾಗ ಕತ್ತರಿಸಿದ್ದು. "ನಿಮಗ ಹಂಗ ಅನ್ನಬಾರದಿತ್ರಿ. ಅವತ್ತ ನೀವು ಕತ್ತರಿಸಿದಾಗ ಛಲೋ ಆತು ಅಂದಾಕಿನೂ ನಾನ."

ಅತ್ತಿಯವರು ಕೈಯಾಗಿನ ಕಟ್ಟು ಪೂರಾ ಸೋಸಿ ಮುಗಿಸಿದ್ರು. ಆಮ್ಯಾಲೆ ಕೇಳಿದ್ರು, "ಆ ಗಿಡಕ್ಕ ಕಣ್ಣು ಎಲ್ಲಿರ್ತದ?"

ಮರುದಿನ ಮುಂಜಾನೆ ಇಬ್ಬರೂ ಹೋಗಿ ನೋಡಿದ್ವಿ. ಆ ವರ್ಷ ಬ್ಯಾಸಿಗಿಯೊಳಗ ಬೆಳದ ಕಡ್ಡಿಗಳ ತುದಿಗೆ, ಕಡೀ ಎರಡು ಎಲಿ ನಡುವ, ದಪ್ಪನ್ನ ಮೊಗ್ಗಿ. ಅದರ ಕೆಳಗ ಎಲಿಯ ಸಂದಿಗೆ ಜೋಡಿ ಜೋಡಿ ಸಣ್ಣ ಕಣ್ಣು. ಅತ್ತಿಯವರು ಬಗ್ಗಿ ನೋಡಿ ಹೇಳಿದ್ರು, "ದ್ರಾಕ್ಷಿಗೆ ಕಣ್ಣು ಕಡ್ಡಿ ಉದ್ದಕ್ಕೂ ಇರ್ತಾವ. ಕಾಯಿ ಕಣ್ಣು ಎಷ್ಟನೇದಕ್ಕದ ಅಂತ ಎಣಿಸಿ, ಅಷ್ಟು ಬಿಟ್ಟು ಮ್ಯಾಲಿಂದು ಕತ್ತರಿಸ್ತೀವಿ. ಇದು ತನ್ನ ಗಂಟು ನೆತ್ತಿ ಮ್ಯಾಲೆ ಇಟ್ಕೊಂಡು ನಿಂತದ. ಇದಕ್ಕ ಕತ್ತರಿ ಅಲ್ಲ, ಹೊದಿಕಿ ಬೇಕು."

ನಾ ಪುಸ್ತಕದಾಗ ಓದಿದ್ದೆಲ್ಲಾ ಅವರು ನಾಕು ಮಾತಿನಾಗ ಹೇಳಿದ್ರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತ ನಿಮ್ಮ ಮಾವನವರು ಅಂದಿದ್ರು. ತುದಿ ಮೊಗ್ಗಿ ದಪ್ಪ ಅವ, ಯಾಕ ತಗೀತಿ ಅಂತ. ನಾ ಕೇಳಲಿಲ್ಲ. ನೀ ಫೋನ್ ಮಾಡಿದ ಮ್ಯಾಲೂ ಅವರು ನಾ ಹೇಳಿದ್ನಿಲ್ಲ ಅನ್ನಲಿಲ್ಲ. ಒಮ್ಮೆನೂ ಅನ್ನಲಿಲ್ಲ" ಅಂದ್ರು. ಆಮ್ಯಾಲೆ ಶಾಲಿನಿಂದ ಕೈ ಹೊರಗ ತಗದು ಆ ಹಳದಿ ಎಲಿ ಚಿವುಟಿ ಒಗದ್ರು.

ಅಲ್ಲಿಂದ ಕೆಲಸ ಶುರು ಆತು. ನಾವು ಏನೇನು ಮಾಡಿದ್ವಿ ಅಂತ ಒಂದೊಂದ ಹೇಳ್ತೀನಿ.

ಮೊದಲನೇದು, ಗೊಬ್ಬರ ಬಂದ್. ಆಗಸ್ಟ್ ಮ್ಯಾಲೆ ಗೊಬ್ಬರ ಹಾಕಿದ್ರ ಎಳೇ ಚಿಗುರು ಬಂದು ಥಂಡಿಗೆ ಸಾಯ್ತದ. ಹುಲ್ಲಿಗೆ ಹಾಕೋ ಸಾರಜನಕದ ಗೊಬ್ಬರ ಗಿಡದ ಬುಡಕ್ಕ ಹೋದ್ರ ಎಲಿ ಸೊಕ್ಕಿ ಬೆಳೀತಾವ, ಹೂ ಕಮ್ಮಿ ಆಗ್ತಾವ. ಎರಡನೇದು, ನೀರು. ಎಲಿ ಉದುರ್ಲಿಕತ್ವು ಅಂತ ನೀರು ನಿಲ್ಲಿಸಬಾರದು. ನೆಲ ಹೆಪ್ಪುಗಟ್ಟೋತನಕ, ಮಳಿ ಇಲ್ಲದ ವಾರ, ಬುಡಕ್ಕ ಆಳಾಗಿ ಒಮ್ಮೆ ನೀರು ಕೊಟ್ವಿ. ಒಣಗಿದ ಗಿಡಾನ ಥಂಡಿ ಲಗೂನ ಸುಡ್ತದ. ಮೂರನೇದು, ಕತ್ತರಿ ಒಳಗ. ಒಣಗಿದ ಹೂ ಇದ್ರೂ ಛಳಿಗಾಲ ಮುಗಿಯೋತನಕ ಗಿಡದ ಮ್ಯಾಲೇ ಬಿಡಬೇಕು, ಕೆಳಗಿನ ಮೊಗ್ಗಿಗೆ ಅದೂ ಒಂದು ಟೊಪ್ಪಿಗಿ ಇದ್ದಂಗ.

ನವೆಂಬರ್ ಕಡೇ ವಾರ, ಎಲಿ ಎಲ್ಲಾ ಉದುರಿ ನಾಕು ಸಲ ಥಂಡಿ ಬಿದ್ದ ಮ್ಯಾಲೆ ಹೊದಿಕಿ ಹಾಕಿದ್ವಿ. ಭಾಳ ಲಗೂನ ಹಾಕಿದ್ರ ಒಳಗ ಬೆಚ್ಚಗಾಗಿ ಗಿಡ ಮಲಗಂಗಿಲ್ಲ, ಕೊಳೀಲಿಕ್ಕೂ ಬಹುದು. ಬುಡದ ಸುತ್ತ ನಾಕು ಇಂಚು ದಪ್ಪ ತೊಗಟಿ ಚೂರು ಹರವಿದ್ವಿ. ಗಿಡದ ಸುತ್ತ ನಾಕು ಗೂಟ ಬಡದು, ಕೋಳಿಗೂಡಿಗೆ ಹಾಕೋ ತಂತಿ ಜಾಳಿಗಿ ಸುತ್ತಿದ್ವಿ. ಗೂಟ ಗಿಡಕ್ಕಿಂತ ಒಂದು ಗೇಣು ಎತ್ತರ ಇರಬೇಕು, ತುದಿ ಮೊಗ್ಗಿ ಉಳಿಸೋದ ಮುಖ್ಯ ಅಲ್ಲೇನು? ಆ ಪಂಜರದ ಒಳಗ ತುದಿ ಮುಚ್ಚೋತನಕ ಒಣ ಎಲಿ ತುಂಬಿದ್ವಿ. ಓಕ್ ಎಲಿ ಎಲ್ಲಾಕಿಂತ ಛಲೋ. ಉಳದ ಎಲಿ ತೊಯ್ದ ಕೂಡಲೇ ಹಪ್ಪಳದಂಗ ಒಂದಕ್ಕೊಂದು ಅಂಟಿಕೊಂಡು ಕೂಡ್ತಾವ, ಓಕ್ ಎಲಿ ಮುರುಟಿಕೊಂಡು ನಡುವ ಗಾಳಿ ಹಿಡಕೊಂಡಿರ್ತಾವ. ಬೆಚ್ಚಗ ಇಡೋದು ಆ ಗಾಳಿ. ಅಜ್ಜಿ-ಮೊಮ್ಮಗಳು ಹದಿನಾಲ್ಕು ಚೀಲ ಎಲಿ ಕೂಡಿಸಿದ್ರು. ಎಲ್ಲಾದ್ರ ಹೊರಗ ಗೋಣಿತಟ್ಟು ಸುತ್ತಿ ಸುತಳಿ ಬಿಗದ್ವಿ. ಪ್ಲಾಸ್ಟಿಕ್ ಮಾತ್ರ ಬ್ಯಾಡ. ಬಿಸಿಲು ಬಿದ್ರ ಒಳಗ ಕುದೀತದ, ರಾತ್ರಿ ಆ ಬೆವರ ಬರ್ಫ ಆಗ್ತದ.

ಅತ್ತಿಯವರು ತಮ್ಮ ಹಳೇ ಸೀರಿ ಸುತ್ತೋಣು ಅಂದ್ರು. ನಾ ಬ್ಯಾಡ ಅಂದೆ. ಅರಿವಿ ತೊಯ್ದು, ಬರ್ಫ ಆಗಿ, ಮೊಗ್ಗಿಗೆ ಅಂಟಿ ಕೂತ್ರ ರಕ್ಷಣಾ ಬದಲಿ ಸುಟ್ಟಂಗ ಆಗ್ತದ. "ಹಂಗಾರ ಅರಿವಿ ಯಾವಾಗ ನಡೀತದ?" ಅಂತ ಕೇಳಿದ್ರು. ಏಪ್ರಿಲ್‌ದಾಗ ಎಲಿ ತಗದ ಮ್ಯಾಲೆ ಒಂದೊಂದು ರಾತ್ರಿ ಥಂಡಿ ಬೀಳ್ತದ, ಆವಾಗ ರಾತ್ರಿ ಹೊಚ್ಚಿ ಮುಂಜಾನೆ ತಗೀಲಿಕ್ಕೆ ಅರಿವಿನ ಬೇಕು ಅಂದೆ. ಅವರು "ಹೂಂ" ಅಂದು ಸುಮ್ಮನಾದ್ರು.

ಆ ಛಳಿಗಾಲ ಅತ್ತಿಯವರು ಕಿಡಕಿ ಬಾಜೂಕ ಕೂತು ಕೌದಿ ಹೊಲದ್ರು. ಮ್ಯಾಲೆ ಎರಡು ಹಳೇ ನೂಲಿನ ಸೀರಿ, ನಡುವ ಮಾವನವರ ಧೋತರ ಒಂದು. ಬರ್ಫ ಬಿದ್ದ ದಿನ ಎಲ್ಲಾ ಅದ ಕೆಲಸ, ಸಣ್ಣ ಟಾಕಿ, ಸಾಲಾಗಿ ಸಾಲಾಗಿ. ಮೊಮ್ಮಗಳಿಗೆ ಹೊಲೀಲಿಕತ್ತಾರ ಅಂತ ನಾ ತಿಳಕೊಂಡಿದ್ದೆ. ನಡುವ ಒಂದೊಂದಿನ ಕಿಡಕಿಯಿಂದ ಹೊರಗ ಬರ್ಫದಾಗ ನಿಂತ ಗೋಣಿತಟ್ಟಿನ ಮೂಟಿ ನೋಡಿ, "ಬಾಣಂತಿ ಹಂಗ ಕೂತದ ನೋಡು" ಅಂತಿದ್ರು.

2025ರ ಯುಗಾದಿ ಮಾರ್ಚ್ 30ಕ್ಕಿತ್ತು. ಹಬ್ಬಕ್ಕ ಊರಾಗ ಇರಬೇಕಂತ ಅತ್ತಿಯವರು ಅದಕ್ಕಿಂತ ನಾಕು ದಿನ ಮೊದಲು ಹೊರಟ್ರು. ಹೋಗೋಮುಂದ ಕೌದಿ ಮಡಚಿ ನನ್ನ ಕೈಯಾಗ ಕೊಟ್ರು. "ಇದು ಪುಟ್ಟಿಗಲ್ಲ. ಗಿಡದ ಅಳತಿ ತೊಗೊಂಡು ಹೊಲದೇನಿ. ಏಪ್ರಿಲ್ ಥಂಡಿಗೆ."

ಏಪ್ರಿಲ್ ಅನ್ನೋದು ಈ ಗಿಡಕ್ಕ ಜನವರಿಕಿಂತ ಖೊಟ್ಟಿ. ನಡು ಛಳಿಗಾಲದಾಗ ಮೊಗ್ಗಿ ಗಟ್ಟಿ ಮುಚ್ಚಿಕೊಂಡಿರ್ತದ. ವಸಂತದಾಗ ನಾಕು ದಿನ ಬಿಸಿಲು ಬಿದ್ರ ಅದು ನಂಬಿ ಬಾಯಿ ಬಿಡ್ತದ. ಆವಾಗ ಒಂದು ರಾತ್ರಿ 28 ಡಿಗ್ರಿ ಫ್ಯಾರನ್‌ಹೀಟ್ ಇಳದ್ರ ಕತಿ ಮುಗೀತು. ಅದಕ್ಕ ಹೊದಿಕಿ ಒಮ್ಮೆಲೇ ತಗೀಬಾರದು. ಏಪ್ರಿಲ್ ಎರಡನೇ ವಾರ ಗೋಣಿತಟ್ಟು ಬಿಚ್ಚಿ, ಮ್ಯಾಲಿನ ಅರ್ಧ ಎಲಿ ತಗದೆ. ಒಂದು ವಾರ ಬಿಟ್ಟು ಉಳದದ್ದು. ಗೂಟ, ಜಾಳಿಗಿ ಹಂಗೇ ಬಿಟ್ಟೆ. ಆ ತಿಂಗಳು ಮೂರು ರಾತ್ರಿ, ಮೇ ಮೊದಲಿಗೆ ಒಂದು ರಾತ್ರಿ ಥಂಡಿ ಅಂತ ಸೂಚನಾ ಬಂತು. ಸೂರ್ಯಾ ಮುಳುಗೋಕಿಂತ ಮೊದಲ ಹೋಗಿ ಗೂಟದ ಮ್ಯಾಲೆ ಕೌದಿ ಹೊಚ್ಚಿದೆ. ಮೊಗ್ಗಿಗೆ ತಾಗಬಾರದು, ಸೆರಗು ನೆಲಕ್ಕ ಮುಟ್ಟಬೇಕು. ನೆಲದ ಕಾವು ಒಳಗ ನಿಲ್ಲಬೇಕಲ್ಲ, ಅದಕ್ಕ. ನಾಕೂ ದಿಕ್ಕಿಗೆ ಬರೋಬ್ಬರಿ ಕೂತಿತು. ಅಳತಿ ಒಂದು ಬಟ್ಟೂ ತಪ್ಪಿದ್ದಿಲ್ಲ. ಮುಂಜಾನೆ ತಗದು ಕಟಕಟಿ ಮ್ಯಾಲೆ ಒಣಹಾಕಿದ್ರ ಬಾಜೂ ಮನಿ ಅಜ್ಜಿ ಬಂದು ಮುಟ್ಟಿ ಮುಟ್ಟಿ ನೋಡಿ, "ಇದನ್ನ ಗಿಡಕ್ಕ ಹಾಕ್ತೀಯಾ?" ಅಂದ್ರು. ಗಿಡಕ್ಕಂತನ ಹೊಲದದ್ದು ಅಂದೆ.

ಮೇ ಕಡೀತನಕ ಕತ್ತರಿ ಮುಟ್ಟಲಿಲ್ಲ. ಒಣಗಿದಂಗ ಕಂಡ ಕಡ್ಡಿ ಎಲ್ಲಾ ಸತ್ತಿರಂಗಿಲ್ಲ. ಉಗುರಿನಿಂದ ತೊಗಟಿ ಸ್ವಲ್ಪ ಕೆರದು ನೋಡ್ರಿ. ಒಳಗ ಹಸರಿದ್ರ ಜೀವ ಅದ, ಕಂದಿದ್ರ ಇಲ್ಲ. ನಮ್ಮ ಗಿಡದ ಇಪ್ಪತ್ತಾರು ಕಡ್ಡಿಯೊಳಗ ಅರ್ಧಕ್ಕರ್ಧ ತುದಿಗೆ ನಾಕು ಬಟ್ಟು ಸತ್ತಿದ್ವು. ಎಲಿ ಜಗ್ಗಿ ಕೂತು ತುದಿ ಬಯಲಿಗೆ ಬಿದ್ದಿದ್ವು, ನಡುವ ಒಮ್ಮೆ ಎಲಿ ತುಂಬಬೇಕಿತ್ತು, ಅದು ನನ್ನ ಆಲಸ್ಯ. ಜೀವ ಇರೋ ಮೊದಲನೇ ಜೋಡಿ ಕಣ್ಣಿನ ಮ್ಯಾಲೆ ಮಾತ್ರ ಕತ್ತರಿಸಿದೆ.

ಜುಲೈ ಎರಡನೇ ವಾರ ಮಗಳು ಹಿತ್ತಲದಿಂದ ಓಡಿ ಬಂದು, "ಅಮ್ಮಾ, ಹನ್ನೊಂದು!" ಅಂದ್ಲು.

ಫೋನ್ ಹಿಡಕೊಂಡು ಹೋಗಿ ಒಂದೊಂದ ಗೊಂಚಲ ತೋರಿಸಿದ್ಲು. ಅತ್ತಿಯವರು ಕನ್ನಡಕ ಸರಿ ಮಾಡಿಕೊಂಡು ಭಾಳ ಹೊತ್ತು ನೋಡಿದ್ರು. ಮೊದಲನೇ ಮಾತು, "ನೀಲಿ ಸ್ವಲ್ಪ ಕಮ್ಮಿ ಆಗ್ಯದಲ್ಲ?" ಖರೇನ, ಬಣ್ಣ ನೇರಳಿಗೆ ತಿರುಗಿತ್ತು. ವಿಚಾರಿಸಿದ್ರ, ನಮ್ಮನಿಯವರು ವಸಂತದಾಗ ಹುಲ್ಲಿಗೆ ಸುಣ್ಣ ಹಾಕಿದ್ರು, ಗಿಡದ ಬುಡದತನಕ ಹಾಕಿದ್ರು. "ಏನೋ, ಒಂದು ಮಾತು ಕೇಳದ ಯಾಕ ಕೈ ಹಾಕಿದಿ?" ಅಂತ ಅತ್ತಿಯವರು ಮಗನ್ನ ಕೇಳಿದ್ರು. ನನ್ನ ಮಾತು, ನನ್ನ ಧಾಟಿ, ಒಂದು ಅಕ್ಷರ ತಪ್ಪದ. ನನಗ ಮೋತಿ ಎಲ್ಲಿ ಇಟ್ಕೋಬೇಕು ಅನ್ನೋದ್ರಾಗ ಅವರ ನಗ್ಲಿಕತ್ರು. ನಾನೂ ನಕ್ಕೆ. ನಮ್ಮನಿಯವರೊಬ್ಬರಿಗೆ ಏನೂ ತಿಳೀಲಿಲ್ಲ.

ಮೊನ್ನೆ ದಸರಾ ಮುಗದ ಮ್ಯಾಲೆ ಅತ್ತಿಯವರು ವಾಟ್ಸಾಪ್‌ದಾಗ ಒಂದು ಫೋಟೊ ಕಳಿಸಿದ್ರು. ಧಾರವಾಡದ ಹಿತ್ತಲ. ಗುಲಾಬಿ ಗಿಡ ಎಲ್ಲಾ ಮೊಳ ಮೊಳ ಉಳದಾವ. ಕತ್ತರಿಸಿದ ಕಡ್ಡಿ ಸೂಡು ಕಟ್ಟಿ ಗ್ವಾಡಿಗೆ ಆನಿಸ್ಯಾರ. ಕೆಳಗ ಏನೂ ಬರದಿದ್ದಿಲ್ಲ.

ಇಲ್ಲೆ ಓಕ್ ಎಲಿ ಉದುರ್ಲಿಕತ್ತಾವ. ಈ ಸಲ ಇಪ್ಪತ್ತು ಚೀಲ ಕೂಡಿಸಬೇಕು.